ಯಂತ್ರದ ಪಕ್ಕದ ನಾಲ್ಕು ಗಂಟೆ

ಡಯಾಲಿಸಿಸ್ ರಕ್ತವನ್ನು ಶುದ್ಧ ಮಾಡುತ್ತದೆ. ಆದರೆ ಅದಕ್ಕಾಗಿ ಹಾಸಿಗೆಯಲ್ಲಿ ಮಲಗಿದವರ ಆತಂಕ, ಆಯಾಸ, ನಿದ್ದೆಗೇಡು ಬಹಳಷ್ಟು ಸಲ ಹಾಗೇ ಉಳಿಯುತ್ತವೆ. ನಿಧಾನದ ಉಸಿರಾಟ, ಸ್ನಾಯು ಸಡಿಲಿಕೆ, ಯೋಗನಿದ್ರೆಯಂಥ ಸರಳ ಅಭ್ಯಾಸಗಳು ಅವರಿಗೆ ಎಷ್ಟರಮಟ್ಟಿಗೆ ನೆರವಾಗುತ್ತವೆ? ಎಲ್ಲೆಲ್ಲಿ ಎಚ್ಚರ ಬೇಕು?

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಎರಡೂ ಮೂತ್ರಪಿಂಡಗಳು ಕೈಕೊಟ್ಟವರಿಗೆ ವೈದ್ಯರು ಬರೆದುಕೊಡುವ ಡಯಾಲಿಸಿಸ್‌ನ ಸಾಮಾನ್ಯ ಲೆಕ್ಕ ಇದು. ಕೂಡಿ ನೋಡಿದರೆ ವರ್ಷಕ್ಕೆ 156 ಸರದಿ, 624 ಗಂಟೆ. ಅಂದರೆ ಇಡೀ 26 ಹಗಲು, 26 ರಾತ್ರಿ ಯಂತ್ರದ ಪಕ್ಕದಲ್ಲೇ ಕಳೆಯುತ್ತವೆ. ಊರಿಂದ ಬಸ್ಸು ಹಿಡಿದು ಬರುವ ಹೊತ್ತು, ಹಾಸಿಗೆ ಖಾಲಿಯಾಗುವವರೆಗೆ ಬೆಂಚಿನ ಮೇಲೆ ಕಾಯುವ ಹೊತ್ತು, ಮನೆಗೆ ಹೋಗಿ ಸುಸ್ತಾಗಿ ಬಿದ್ದುಕೊಳ್ಳುವ ಹೊತ್ತು ಈ ಲೆಕ್ಕಕ್ಕೆ ಸೇರಿಲ್ಲ. ದುಡ್ಡಿನ ಅಡಚಣೆಯಿಂದಲೋ ಜಾಗ ಸಿಗದೆಯೋ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರೂ ನಮ್ಮಲ್ಲಿ ಬಹಳ ಮಂದಿ. ಅವರಿಗೆ ಗಂಟೆಗಳು ಕಡಿಮೆ, ತೊಂದರೆ ಹೆಚ್ಚು.

ಈ ಗಂಟೆಗಳಲ್ಲಿ ಯಂತ್ರ ಮಾಡುವ ಕೆಲಸ ಸಣ್ಣದಲ್ಲ. ನಿಮಿಷಕ್ಕೆ 250ರಿಂದ 300 ಮಿಲಿಲೀಟರ್‌ನಂತೆ ರಕ್ತ ಹೊರಬಂದು, ಕೂದಲೆಳೆಯಷ್ಟು ಸಣ್ಣ ಸಾವಿರಾರು ಕೊಳವೆಗಳಿರುವ ಡಯಲೈಸರ್‌ನೊಳಗೆ ಹಾದು, ಮರಳಿ ದೇಹ ಸೇರುತ್ತದೆ. ಮೈಯಲ್ಲಿರುವ ಐದು ಲೀಟರಿನಷ್ಟು ರಕ್ತವೇ ಹತ್ತಾರು ಸಲ ಸುತ್ತಿ ಬರುತ್ತದೆ. ಆ ಕೊಳವೆಗಳ ಹೊರಮೈಯನ್ನು ತೊಳೆದುಕೊಂಡು ಹೋಗುವ ದ್ರವಕ್ಕೆ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಎರಡು ದಿನದಿಂದ ಮೈಯಲ್ಲಿ ನಿಂತ ಎರಡು ಮೂರು ಲೀಟರ್ ನೀರನ್ನೂ ಇದೇ ಹೊತ್ತಿನಲ್ಲಿ ಎಳೆದು ತೆಗೆಯಬೇಕು. ಆರೋಗ್ಯವಂತ ಮೂತ್ರಪಿಂಡ ರಾತ್ರಿ ಹಗಲು ನಿಧಾನವಾಗಿ ಮಾಡುವುದನ್ನು ಯಂತ್ರ ನಾಲ್ಕೇ ಗಂಟೆಯಲ್ಲಿ ಅವಸರದಿಂದ ಮುಗಿಸುತ್ತದೆ. ಆ ಅವಸರದ ಬೆಲೆಯನ್ನು ದೇಹ ತೆರುತ್ತದೆ.

1943ರಲ್ಲಿ, ನಾಜಿಗಳ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪನ್ ಎಂಬ ಊರಿನಲ್ಲಿ ವಿಲೆಮ್ ಕಾಲ್ಫ್ ಎಂಬ ತರುಣ ವೈದ್ಯ ಸಾಸೇಜು ತುಂಬುವ ಸೆಲ್ಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಬಳಕೆಗೆ ಬರುವಂಥ ಮೊದಲ ಡಯಾಲಿಸಿಸ್ ಯಂತ್ರ ಕಟ್ಟಿದರು. ಅದರಿಂದ ಒಬ್ಬ ರೋಗಿ ಬದುಕುಳಿಯಲು 1945ರವರೆಗೆ ಕಾಯಬೇಕಾಯಿತು. 1960ರಲ್ಲಿ ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿಗೆ ಕಾಯಂ ಕೊಳವೆ ಜೋಡಿಸುವ ದಾರಿ ಕಂಡುಕೊಂಡ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕುವುದು ಸಾಧ್ಯವಾಯಿತು. 1966ರಲ್ಲಿ ಅಪಧಮನಿ, ಅಭಿಧಮನಿ ಎರಡನ್ನೂ ಹೊಲಿದು ಬೆಸೆಯುವ ಫಿಸ್ಟುಲಾ ಬಂತು. ನಮ್ಮ ದೇಶದಲ್ಲಿ 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಬಡವರಿಗೆ ಉಚಿತ ಡಯಾಲಿಸಿಸ್ ಜಿಲ್ಲಾ ಆಸ್ಪತ್ರೆಗಳಿಗೆ ಬಂತು. ಕರ್ನಾಟಕದಲ್ಲಿ ಈಗ ಅದು ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುತ್ತದೆ. ಜೀವ ಉಳಿಸುವ ದಾರಿ ಊರ ಹತ್ತಿರಕ್ಕೇ ಬಂದಿದೆ. ಉಳಿದ ಜೀವ ಹೇಗೆ ದಿನ ದೂಡುತ್ತಿದೆ ಎಂದು ಕೇಳುವ ಸರದಿ ಈಗ ನಮ್ಮದು.

ಹಾಸಿಗೆಯ ಮೇಲೆ

ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ವಾರ್ಡು. ಬೆಳಗಿನ ಶಿಫ್ಟ್. ಬಂದವರು ಮೊದಲು ತೂಕದ ಯಂತ್ರ ಹತ್ತುತ್ತಾರೆ. ಮುಳ್ಳು ಎಲ್ಲಿ ನಿಲ್ಲುತ್ತದೋ ಎಂದು ಅವರೂ ನೋಡುತ್ತಾರೆ, ಟೆಕ್ನಿಷಿಯನ್ನೂ ನೋಡುತ್ತಾರೆ. ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ, ಅಂದರೆ ಡ್ರೈ ವೇಟ್‌ಗಿಂತ ಮೂರು ಕೆ.ಜಿ. ಹೆಚ್ಚಿದ್ದರೆ ಇವತ್ತು ಮೂರು ಲೀಟರ್ ನೀರು ತೆಗೆಯಬೇಕು, ಕೊನೆಯ ಗಂಟೆಯಲ್ಲಿ ಮೀನಖಂಡ ಹಿಡಿದುಕೊಳ್ಳಬಹುದು ಎಂಬ ಲೆಕ್ಕ ಇಬ್ಬರ ಮುಖದಲ್ಲೂ ಕಾಣುತ್ತದೆ. ಆಮೇಲೆ ಸೂಜಿ. ಮಾಮೂಲಿ ಇಂಜೆಕ್ಷನ್ ಸೂಜಿಗಿಂತ ಬಲು ದಪ್ಪನೆಯ ಎರಡು ಸೂಜಿಗಳು, ಫಿಸ್ಟುಲಾ ಇರುವ ತೋಳಿಗೆ. ಸಿಸ್ಟರ್ ಬೆರಳಿಟ್ಟು ನರ ಝುಂ ಅನ್ನುತ್ತಿದೆಯೇ ಎಂದು ನೋಡುವಾಗಲೇ ಮಧ್ಯವಯಸ್ಸಿನ ರೈತರೊಬ್ಬರು ಇನ್ನೊಂದು ಕೈಯಿಂದ ಮಂಚದ ಕಂಬಿ ಹಿಡಿದುಕೊಂಡಿದ್ದಾರೆ. ವರ್ಷಗಳಿಂದ ಚುಚ್ಚಿಸಿಕೊಂಡವರು ಅವರು. ಆದರೂ ಹಲ್ಲು ಕಚ್ಚಿರುತ್ತದೆ, ಭುಜ ಕಿವಿಯವರೆಗೆ ಎದ್ದಿರುತ್ತದೆ.

ಸೂಜಿ ಕೂತ ಮೇಲೂ ಭುಜ ಇಳಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಬಿ.ಪಿ. ಪಟ್ಟಿ ತೋಳನ್ನು ಹಿಂಡುತ್ತದೆ. ಯಾವುದೋ ಯಂತ್ರದ ಅಲಾರಾಂ ಕೂಗುತ್ತದೆ. ಅದು ತಮ್ಮದೇ ಇರಬೇಕೆಂದು ನಾಲ್ಕು ಹಾಸಿಗೆಗಳವರು ಕತ್ತೆತ್ತುತ್ತಾರೆ. ಮಗಳ ಕಾಲೇಜು ಫೀಜು, ಅರ್ಧಕ್ಕೆ ನಿಂತ ಬೋರ್‌ವೆಲ್, ಕಿಡ್ನಿ ಕೊಡಲು ಮುಂದೆ ಬಂದ ಹೆಂಡತಿಯ ಸಕ್ಕರೆ ಕಾಯಿಲೆ, ಪಕ್ಕದ ಹಾಸಿಗೆಯವರು ಹೋದ ವಾರದಿಂದ ಬರುತ್ತಿಲ್ಲವಲ್ಲ ಎಂಬ ಪ್ರಶ್ನೆ. ನಾಲ್ಕು ಗಂಟೆ ಮಲಗಿದ ಮನಸ್ಸಿಗೆ ಇದರಲ್ಲಿ ಯಾವುದನ್ನು ಬೇಕಾದರೂ ಹಿಡಿದು ತಿರುವಲು ಸಮಯವಿದೆ. ಶಿಫ್ಟ್ ಮುಗಿದಾಗ ಹಲವರು ಹೇಳುವ ಮಾತು ಒಂದೇ: ಒಗೆದು ಹಿಂಡಿದ ಬಟ್ಟೆ ಥರ ಆಗಿಬಿಟ್ಟೆ.

ಇದು ಬರೀ ಮನಸ್ಸಿನ ವಿಷಯ ಎಂದು ತಳ್ಳಿಹಾಕುವಂತಿಲ್ಲ. ಡಯಾಲಿಸಿಸ್ ರೋಗಿಗಳ ಸಮೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ವೈದ್ಯಕೀಯ ಸಂದರ್ಶನದಲ್ಲಿ ಖಿನ್ನತೆ ಖಚಿತವಾದವರು ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಪ್ರಶ್ನಾವಳಿಯ ಮೂಲಕ ಕೇಳಿದಾಗ ಆ ಪಾಲು ಇನ್ನೂ ಏರುತ್ತದೆ. ಡಯಾಲಿಸಿಸ್ ಸಂಶೋಧನೆಗಳು ಯಾವುದನ್ನು ತಪ್ಪದೆ ಅಳೆಯಬೇಕು ಎಂದು ಬೇರೆ ಬೇರೆ ದೇಶಗಳ ರೋಗಿಗಳನ್ನೂ ವೈದ್ಯರನ್ನೂ ಕೂರಿಸಿ ಕೇಳಿದ ಅಂತರರಾಷ್ಟ್ರೀಯ ಪ್ರಯತ್ನವೊಂದಿದೆ. ಅದರಲ್ಲಿ ಹೃದಯದ ಕಾಯಿಲೆ, ಸಾವು, ಫಿಸ್ಟುಲಾದ ತೊಂದರೆಗಳ ಸಾಲಿನಲ್ಲೇ ನಿಂತಿದ್ದು ಆಯಾಸ. ರೋಗಿಗೆ ತನ್ನ ಸುಸ್ತು ಅಷ್ಟು ದೊಡ್ಡ ವಿಷಯ.

ದೇಹದೊಳಗೂ ಇದಕ್ಕೊಂದು ಕಾರಣವಿದೆ. ಅಪಾಯ ಎದುರಾದಾಗ ಎದೆಬಡಿತ ಏರಿಸಿ, ರಕ್ತನಾಳ ಬಿಗಿ ಮಾಡಿ, ಓಟಕ್ಕೋ ಹೋರಾಟಕ್ಕೋ ಮೈಯನ್ನು ಸಜ್ಜುಗೊಳಿಸುವ ನರಜಾಲವೊಂದು ನಮ್ಮೆಲ್ಲರಲ್ಲಿದೆ. ಮೂತ್ರಪಿಂಡ ಕೆಟ್ಟವರಲ್ಲಿ ಈ ಜಾಲ ಸದಾ ಎಚ್ಚರವಾಗಿರುತ್ತದೆ. ಹಾಳಾದ ಮೂತ್ರಪಿಂಡದಿಂದಲೇ ಅದಕ್ಕೆ ಪ್ರಚೋದನೆ ಹೋಗುತ್ತಿರುತ್ತದೆ. ಅದರ ಮೇಲೆ ಸೂಜಿ, ಅಲಾರಾಂ, ಚಿಂತೆ. ವಿಶ್ರಾಂತಿಯ ಅಭ್ಯಾಸಗಳೆಲ್ಲ ಕೈಹಾಕುವುದು ಇಲ್ಲಿಗೆ. ಉಸಿರಾಟ ಎಚ್ಚರದಲ್ಲಿ ನಾವೇ ನಡೆಸಬಲ್ಲ ಕ್ರಿಯೆ. ಅದನ್ನು ನಿಧಾನ ಮಾಡಿದರೆ, ಅದರಲ್ಲೂ ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ, ಎದೆಬಡಿತವನ್ನು ತಗ್ಗಿಸುವ ಎದುರು ನರಜಾಲ ಚುರುಕಾಗುತ್ತದೆ.

ಷಿಕಾಗೊದಿಂದ ಜಿಗಣಿಯವರೆಗೆ

ವಿಶ್ರಾಂತಿಯನ್ನು ಒಂದು ಚಿಕಿತ್ಸೆಯಾಗಿ ಕಲಿಸಬಹುದು ಎಂದು ಆಧುನಿಕ ವೈದ್ಯಕೀಯಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲಿಗರು ಷಿಕಾಗೊದ ವೈದ್ಯ ಎಡ್ಮಂಡ್ ಜೇಕಬ್‌ಸನ್. ಮನಸ್ಸು ಬಿಗಿದಾಗ ಸ್ನಾಯುವೂ ಬಿಗಿಯುತ್ತದೆ; ಸ್ನಾಯುವನ್ನು ಪೂರ್ತಿ ಸಡಿಲ ಬಿಡಲು ಕಲಿತರೆ ಮನಸ್ಸೂ ಸಡಿಲವಾಗುತ್ತದೆ ಎಂಬುದು ಅವರ ಗ್ರಹಿಕೆ. 1929ರಲ್ಲಿ ಅವರ ಗ್ರಂಥ ಬಂತು. ಮೈಯ ಒಂದೊಂದು ಭಾಗವನ್ನು ಸರದಿಯಂತೆ ಕೆಲವು ಸೆಕೆಂಡು ಬಿಗಿಹಿಡಿದು, ಸಡಿಲ ಬಿಟ್ಟು, ಬಿಗಿತಕ್ಕೂ ಸಡಿಲಿಕೆಗೂ ಇರುವ ವ್ಯತ್ಯಾಸವನ್ನು ಗಮನಿಸುವ ಅವರ ಕ್ರಮವೇ ಇಂದು ಜಗತ್ತಿನ ಡಯಾಲಿಸಿಸ್ ವಾರ್ಡುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವ ಅಭ್ಯಾಸಗಳಲ್ಲಿ ಒಂದು.

ಇನ್ನೊಂದು ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಅವರದು. ಧ್ಯಾನ ಮಾಡುವವರನ್ನು ಪ್ರಯೋಗಾಲಯದಲ್ಲಿ ಕೂರಿಸಿ ಅವರ ಉಸಿರಾಟ, ಎದೆಬಡಿತ, ಆಮ್ಲಜನಕದ ಬಳಕೆ ಇಳಿಯುವುದನ್ನು ಅವರು ಅಳೆದರು. 1975ರ ತಮ್ಮ ಪುಸ್ತಕದಲ್ಲಿ ಅದನ್ನು ಯಾವ ಮತಕ್ಕೂ ಸೇರದ ಸರಳ ಕ್ರಮವಾಗಿಸಿ ಕೊಟ್ಟರು: ಆರಾಮದ ಭಂಗಿ, ಗಲಾಟೆಯಿಲ್ಲದ ಜಾಗ, ಉಸಿರು ಬಿಟ್ಟಾಗಲೆಲ್ಲ ಮನಸ್ಸಿನಲ್ಲಿ ಹೇಳಿಕೊಳ್ಳಲು ಒಂದು ಪದ, ನಡುವೆ ಯೋಚನೆ ಬಂದರೆ ಬೇಸರಪಡದೆ ಮತ್ತೆ ಪದಕ್ಕೆ ಮರಳುವುದು. ಪದ ಯಾವುದಾದರೂ ಆದೀತು. ಒಬ್ಬರಿಗೆ ರಾಮ, ಇನ್ನೊಬ್ಬರಿಗೆ ಅಲ್ಲಾ, ಮತ್ತೊಬ್ಬರಿಗೆ ಬರೀ ಒಂದು ಎಂಬ ಅಂಕೆ.

ನಮ್ಮಲ್ಲಿ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿ ಹರಡಿದ, ಮಲಗಿಕೊಂಡು ಗಮನವನ್ನು ಮೈಯ ಒಂದೊಂದು ಭಾಗಕ್ಕೂ ಒಯ್ಯುವ ಯೋಗನಿದ್ರೆ ಮನೆಮಾತಾಗಿದೆ. ಬೆಂಗಳೂರು ಹೊರವಲಯದ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಎಚ್.ಆರ್. ನಾಗೇಂದ್ರ ಅವರ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥೆ ಶವಾಸನದಲ್ಲಿ ಮಾಡುವ ವಿಶ್ರಾಂತಿಯನ್ನು ಕ್ಷಣದ್ದು, ಬೇಗನೆ ಆಗುವುದು, ಆಳದ್ದು ಎಂದು ಮೂರು ಹಂತಗಳಲ್ಲಿ ಕಲಿಸುತ್ತದೆ. ಮೊದಲನೆಯದರಲ್ಲಿ ಕಾಲ್ಬೆರಳಿಂದ ತಲೆಯವರೆಗೆ ಮೈಯನ್ನು ಬಿಗಿದು ಒಮ್ಮೆಲೇ ಬಿಡುವುದಿದೆ. ಜೇಕಬ್‌ಸನ್ ಹೇಳಿದ್ದಕ್ಕೆ ಅದು ಬಲು ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಯೋಗವನ್ನು ಔಷಧೋಪಚಾರದ ಜೊತೆಗೆ ಸೇರಿಸಿ ಕೊಡುವ ವಿಭಾಗವಿದೆ. ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ. ಅದು ಡಯಾಲಿಸಿಸ್ ವಾರ್ಡಿನ ಬಾಗಿಲು ದಾಟಬೇಕಾಗಿದೆ.

ಪುರಾವೆ ಏನು ಹೇಳುತ್ತದೆ?

ಇಂಥ ವಿಷಯದಲ್ಲಿ ಉತ್ಪ್ರೇಕ್ಷೆ ಬಲು ಸುಲಭ, ಅಪಾಯವೂ ಹೌದು. ವೈದ್ಯಕೀಯ ಪುರಾವೆಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2019ರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ಖಿನ್ನತೆಗೆ ಔಷಧವಲ್ಲದ ಉಪಚಾರಗಳನ್ನು ಕುರಿತ 33 ಅಧ್ಯಯನಗಳನ್ನು ಪರಿಶೀಲಿಸಿತು. ಯೋಚನಾಕ್ರಮ ತಿದ್ದುವ ಮನಶ್ಚಿಕಿತ್ಸೆ, ವ್ಯಾಯಾಮ ಮತ್ತು ವಿಶ್ರಾಂತಿಯ ಅಭ್ಯಾಸಗಳು ಖಿನ್ನತೆಯ ಲಕ್ಷಣಗಳನ್ನು ಬಹುಶಃ ತಗ್ಗಿಸುತ್ತವೆ ಎಂಬ ತೀರ್ಮಾನಕ್ಕೆ ಬಂತು. ಆ ಬಹುಶಃ ಎಂಬ ಮಾತನ್ನು ಹಗುರವಾಗಿ ನೋಡಬೇಕಿಲ್ಲ. ಅಳೆದು ತೂಗಿ ಬರೆಯುವ ಸಂಸ್ಥೆಯ ಮಾತು ಅದು. ಆತಂಕ, ಆಯಾಸ, ನಿದ್ದೆಯ ವಿಷಯದಲ್ಲೂ ಇರಾನ್, ಟರ್ಕಿ ಮುಂತಾದ ಕಡೆಯ ಸಣ್ಣ ಸಣ್ಣ ಅಧ್ಯಯನಗಳು ಒಳ್ಳೆಯ ಸುದ್ದಿಯನ್ನೇ ಹೇಳುತ್ತವೆ. ಅಲ್ಲಿ ರೋಗಿಗಳ ಸಂಖ್ಯೆ ಕಡಿಮೆ, ಅವಧಿ ಕೆಲವು ವಾರಗಳದ್ದು, ಯಾರು ಅಭ್ಯಾಸ ಮಾಡಿದರು ಯಾರು ಮಾಡಲಿಲ್ಲ ಎಂಬುದನ್ನು ಗುಟ್ಟಾಗಿಡಲೂ ಆಗದು. ಆದ್ದರಿಂದ ಆ ಫಲಿತಾಂಶಗಳನ್ನು ಭರವಸೆಯಾಗಿ ತೆಗೆದುಕೊಳ್ಳೋಣ, ಗ್ಯಾರಂಟಿಯಾಗಿ ಬೇಡ.

ಈ ಅಭ್ಯಾಸಗಳಿಂದ ಏನಾಗದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ರಕ್ತದಲ್ಲಿ ಸೇರಿದ ಕ್ರಿಯಾಟಿನೀನ್ ಎಂಬ ಕಸ ಇಳಿಯುವುದಿಲ್ಲ. ಕೆಟ್ಟ ಮೂತ್ರಪಿಂಡ ಮತ್ತೆ ಚಿಗುರುವುದಿಲ್ಲ. ಒಂದು ಸರದಿಯ ಡಯಾಲಿಸಿಸ್ ಕೂಡ ತಪ್ಪಿಸುವಂತಿಲ್ಲ. ಉಸಿರಾಟದಿಂದ ಕಿಡ್ನಿ ವಾಸಿ ಮಾಡುತ್ತೇವೆ, ಕಷಾಯದಿಂದ ಡಯಾಲಿಸಿಸ್ ಬಿಡಿಸುತ್ತೇವೆ ಎನ್ನುವವರ ಮಾತು ಕೇಳಿ ಎರಡು ವಾರ ಆಸ್ಪತ್ರೆಗೆ ಹೋಗದಿದ್ದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಂತುಹೋಗಬಹುದು. ಸಹಜವಾದದ್ದೆಲ್ಲ ನಿರಪಾಯ ಎಂದೂ ಅಲ್ಲ; ಮನೆಯಂಗಳದ ದಾರೆಹುಳಿ ಹಣ್ಣು ಕೂಡ ಇಂಥ ರೋಗಿಗಳ ಮಿದುಳಿಗೆ ವಿಷವಾಗುತ್ತದೆ. ಪೂರಕ ಚಿಕಿತ್ಸೆ ಮುಖ್ಯ ಚಿಕಿತ್ಸೆಯ ಪಕ್ಕದಲ್ಲಿ ನಿಲ್ಲಬೇಕು, ಅದರ ಜಾಗಕ್ಕೆ ಬರಬಾರದು.

ಹಾಗೆಯೇ ಪ್ರತಿ ತೊಂದರೆಗೂ ಮೊದಲು ಕಾರಣ ಹುಡುಕಬೇಕು. ಸುಸ್ತಿಗೆ ರಕ್ತಹೀನತೆ ಕಾರಣವಾಗಿದ್ದರೆ ಹಿಮೋಗ್ಲೋಬಿನ್ ನೋಡಿ ಇಂಜೆಕ್ಷನ್, ಕಬ್ಬಿಣಾಂಶ ಕೊಡಬೇಕು. ರಾತ್ರಿ ಕಾಲು ಚಡಪಡಿಸುತ್ತಿದ್ದರೆ ಅದಕ್ಕೂ ಕಬ್ಬಿಣದ ಕೊರತೆ ಕಾರಣವಿರಬಹುದು. ಮೈ ತುರಿಕೆಗೆ ರಂಜಕದ ಪ್ರಮಾಣ ನೋಡಬೇಕು, ಡಯಾಲಿಸಿಸ್ ಸಾಲದಾಗಿದೆಯೇ ಎಂದು ನೋಡಬೇಕು. ಇವೆಲ್ಲ ಆದ ಮೇಲೂ ಉಳಿಯುವ ಬಿಗಿತ, ಭಯ, ನಿದ್ದೆಗೇಡು ಇದೆಯಲ್ಲ, ವಿಶ್ರಾಂತಿಯ ಅಭ್ಯಾಸಕ್ಕೆ ಅಲ್ಲಿ ದೊಡ್ಡ ಕೆಲಸವಿದೆ.

ಹಾಸಿಗೆಯಲ್ಲೇ ಹತ್ತು ನಿಮಿಷ

ಮತ್ತೆ ಅದೇ ವಾರ್ಡಿಗೆ ಬರೋಣ. ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆ ಕಳೆದಿದೆ, ಬಿ.ಪಿ. ಸರಿಯಿದೆ. ಸಿಸ್ಟರ್ ಆ ರೈತರ ಕಾಲ ಬಳಿ ನಿಂತಿದ್ದಾರೆ.

“ಅಣ್ಣಾ, ಎಡಗೈ ತಂಟೆಗೆ ಹೋಗ್ಬೇಡಿ, ಅದು ಹಂಗೇ ಇರ್ಲಿ. ಈಗ ಕಾಲ್ಬೆರಳನ್ನ ನಿಮ್ ಮುಖದ ಕಡೆಗೆ ಎಳ್ಕೊಳಿ... ಹಂಗೇ ಹಿಡ್ಕೊಳಿ... ಈಗ ಬಿಟ್ಬಿಡಿ. ಉಸಿರು ನಿಧಾನಕ್ಕೆ ಹೊರಗೆ ಹೋಗ್ಲಿ.”

“ಬಿಟ್ಟೆ ಕಣವ್ವಾ.”

“ಇನ್ನೂ ಬಿಡಿ. ಕಾಲು ಭಾರ ಆಯ್ತಾ?”

ಕಾಲಾದ ಮೇಲೆ ತೊಡೆ, ಹೊಟ್ಟೆ, ಸೂಜಿಯಿಲ್ಲದ ಕೈಯ ಮುಷ್ಟಿ, ಭುಜ, ಕೊನೆಗೆ ದವಡೆ ಮತ್ತು ಹುಬ್ಬು. ಒಂದೊಂದನ್ನೂ ಐದಾರು ಸೆಕೆಂಡು ಹಿತವಾಗಿ ಬಿಗಿದು, ಅರ್ಧ ನಿಮಿಷದಷ್ಟು ಸಡಿಲ ಬಿಡುವುದು. ಭುಜದ ಸರದಿ ಬಂದಾಗ ಅವರಿಗೇ ಗೊತ್ತಾಗುತ್ತದೆ: ಅದು ಬೆಳಗಿನಿಂದಲೂ ಬಿಗಿದೇ ಇತ್ತು. ಕೈ ಮಂಚದ ಕಂಬಿ ಬಿಟ್ಟು ಹೊದಿಕೆಯ ಮೇಲೆ ಬಿಚ್ಚಿಕೊಂಡಿದೆ. ಆಮೇಲೆ ಕೆಲವು ನಿಮಿಷ ಬರೀ ಉಸಿರು. ಮೂಗಿನಿಂದ ಒಳಕ್ಕೆ ನಾಲ್ಕು ಎಣಿಕೆ, ಹೊರಕ್ಕೆ ಆರು ಎಣಿಕೆ, ನಡುವೆ ಎಲ್ಲೂ ಹಿಡಿದಿಡುವುದಿಲ್ಲ. ಎಣಿಕೆ ಸೆಕೆಂಡಿಗೊಂದರಂತೆ ಇದ್ದರೆ ನಿಮಿಷಕ್ಕೆ ಆರು ಉಸಿರು. ಅಷ್ಟು ಆಗದವರು ಎಷ್ಟು ಹಿತವೋ ಅಷ್ಟು.

ಸೂಜಿ ಹಾಕುವ ಹೊತ್ತಿಗೂ ಇದು ಬರುತ್ತದೆ. ಸಿಸ್ಟರ್ ಮೊದಲೇ ಹೇಳಿ, ರೋಗಿ ಉದ್ದಕ್ಕೆ ಉಸಿರು ಬಿಡುತ್ತಿರುವಾಗ ಚುಚ್ಚಿದರೆ ಗಮನ ಉಸಿರಿನ ಮೇಲಿರುತ್ತದೆ. ಮೊಬೈಲಿನಲ್ಲಿ ಇಷ್ಟದ ಹಾಡನ್ನೋ ವಚನವನ್ನೋ ಇಯರ್‌ಫೋನ್‌ನಲ್ಲಿ ಕೇಳುವುದೂ ಹಲವರಿಗೆ ಹಿತ. ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷದ ಯೋಗನಿದ್ರೆ ಅಥವಾ ಶವಾಸನ ಮಾಡಬಹುದು. ಒಂದೇ ದಿನಕ್ಕೆ ಪವಾಡ ಕಾಣಬೇಕೆಂದು ಕಾಯುವುದು ಬೇಡ. ದಿನಾ ಮಾಡಿದರೆ ವಾರಗಳ ಮೇಲೆ ಇದು ಮೈಗೆ ಹತ್ತುತ್ತದೆ.

ಎಚ್ಚರ ತಪ್ಪಬಾರದ ಕಡೆ

ಡಯಾಲಿಸಿಸ್ ರೋಗಿಗೆ ಸಾಮಾನ್ಯ ಯೋಗ ತರಗತಿಯ ಪಾಠವನ್ನೇ ಕೊಟ್ಟರೆ ತೊಂದರೆಯಾದೀತು. ಕೆಲವು ಕಟ್ಟುನಿಟ್ಟು ಬೇಕೇ ಬೇಕು.

ಸೂಜಿ ಇರುವ ತೋಳನ್ನು ಬಿಗಿಯುವಂತಿಲ್ಲ, ಮಡಚುವಂತಿಲ್ಲ. ಫಿಸ್ಟುಲಾ ಬಲಿಯಲೆಂದು ಮನೆಯಲ್ಲಿ ಚೆಂಡು ಹಿಸುಕುವ ವ್ಯಾಯಾಮವೇ ಬೇರೆ. ಕಣ್ಣು ಮುಚ್ಚಿ ಹೊದ್ದು ಮಲಗಿದರೂ ಆ ತೋಳು ಮತ್ತು ಮುಖ ಹೊದಿಕೆಯ ಹೊರಗೇ ಇರಬೇಕು. ಸೂಜಿ ಜಾರಿ ಹೊದಿಕೆಯೊಳಗೆ ರಕ್ತ ಸೋರಿದರೆ ಯಾರಿಗೂ ಕಾಣದೆ ಜೀವಕ್ಕೇ ಕುತ್ತು ಬಂದೀತು.

ಕಾಲ್ಬೆರಳನ್ನು ಯಾವಾಗಲೂ ತನ್ನ ಕಡೆಗೆ ಎಳೆದುಕೊಳ್ಳಬೇಕು. ಮುಂದಕ್ಕೆ ಚಾಚಿದರೆ ಮೀನಖಂಡ ಹಿಡಿದುಕೊಳ್ಳುವುದು ಹೆಚ್ಚು. ಹಿಡಿದುಕೊಂಡರೆ ಅಭ್ಯಾಸ ನಿಲ್ಲಿಸಿ ಟೆಕ್ನಿಷಿಯನ್ ಅವರನ್ನು ಕರೆಯಬೇಕು. ನೀರು ತೆಗೆಯುವ ವೇಗ ತಗ್ಗಿಸಬೇಕಾದೀತು.

ನೀರು ಹೆಚ್ಚು ಹೋದಂತೆಲ್ಲ ಬಿ.ಪಿ. ಇಳಿಯುವ ಸಂಭವ ಹೆಚ್ಚು. ಹಾಗಾಗಿ ಮೊದಲೆರಡು ಗಂಟೆಗಳಲ್ಲೇ ಅಭ್ಯಾಸ ಮಾಡುವುದು ಕ್ಷೇಮ. ಮೇಲಿಂದ ಮೇಲೆ ಆಕಳಿಕೆ, ತಣ್ಣನೆ ಬೆವರು, ವಾಕರಿಕೆ, ಕಣ್ಣು ಕತ್ತಲಿಡುವುದು ಇವನ್ನು ಒಳ್ಳೆ ವಿಶ್ರಾಂತಿ ಎಂದುಕೊಳ್ಳಬಾರದು. ಬಿ.ಪಿ. ಬೀಳುತ್ತಿರುವುದರ ಸೂಚನೆ ಅದು; ತಕ್ಷಣ ಹೇಳಬೇಕು.

ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ, ತಲೆಕೆಳಗಾಗುವ ಆಸನಗಳು ಈ ರೋಗಿಗಳಿಗೆ ಬೇಡ. ಇವರಲ್ಲಿ ಹೆಚ್ಚಿನವರಿಗೆ ಅಧಿಕ ರಕ್ತದೊತ್ತಡವಿರುತ್ತದೆ, ಹೃದಯ ದಣಿದಿರುತ್ತದೆ. ಫಿಸ್ಟುಲಾ ಬದಲು ಕುತ್ತಿಗೆಯಲ್ಲಿ ಕೊಳವೆ (ಕ್ಯಾಥೆಟರ್) ಇದ್ದವರು ಕುತ್ತಿಗೆ ತಿರುಗಿಸುವ ವ್ಯಾಯಾಮವನ್ನೂ ಬಿಡಬೇಕು. ಯಾವುದನ್ನು ಶುರು ಮಾಡುವ ಮುಂಚೆಯೂ ನೆಫ್ರಾಲಜಿಸ್ಟ್ ಅವರಿಗೆ ಒಂದು ಮಾತು ತಿಳಿಸಬೇಕು.

ಇನ್ನು, ಬದುಕೇ ಬೇಡ, ಡಯಾಲಿಸಿಸ್ ನಿಲ್ಲಿಸಿಬಿಡುತ್ತೇನೆ ಎನ್ನುವ ಮಾತು ಬಂದರೆ ಅದು ಉಸಿರಾಟದ ಅಭ್ಯಾಸಕ್ಕೆ ಬಿಡುವ ವಿಷಯವಲ್ಲ. ತಡಮಾಡದೆ ವೈದ್ಯರಿಗೆ ತಿಳಿಸಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡಬಹುದು.

ಬೆಂಚಿನ ಮೇಲೆ ಕೂತವರು

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರನ್ನು ಯಾರೂ ರೋಗಿ ಎನ್ನುವುದಿಲ್ಲ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಉಪ್ಪು ಅಳೆದು ಹಾಕಿ, ತರಕಾರಿ ಬೇಯಿಸಿ ನೀರು ಬಸಿದು, ಗಂಡನನ್ನೋ ಮಗನನ್ನೋ ಕರೆತಂದ ಹೆಂಗಸರೇ ಅಲ್ಲಿ ಹೆಚ್ಚು. ಮನೆಯವರು ಕದ್ದು ನೀರು ಕುಡಿದಾರೆಂದು ಕಾಯುವವರೂ ಇವರೇ, ಕೂಲಿ ಕಳೆದುಕೊಂಡವರೂ ಇವರೇ. ಇವರ ಬೆನ್ನೂ ಬಿಗಿದಿದೆ, ಇವರಿಗೂ ನಿದ್ದೆಯಿಲ್ಲ. ವಾರ್ಡಿನಲ್ಲಿ ಕಲಿಸುವ ಹತ್ತು ನಿಮಿಷವನ್ನು ಇವರಿಗೂ ಕಲಿಸಿದರೆ ಎರಡು ಲಾಭ. ಅವರಿಗೊಂದಿಷ್ಟು ಬಿಡುವು ಸಿಗುತ್ತದೆ. ರಾತ್ರಿ ಮನೆಯಲ್ಲಿ ರೋಗಿಗೆ ಹೇಳಿಕೊಡಲು ಒಂದು ಪರಿಚಿತ ದನಿಯೂ ಸಿಗುತ್ತದೆ.

ಚೀಟಿಯಲ್ಲಿ ಬರಬೇಕಾದ ಕಾಲಂ

ಇಷ್ಟಕ್ಕೆಲ್ಲ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ರೋಗಿ ಹೇಗೂ ನಾಲ್ಕು ಗಂಟೆ ಅಲ್ಲೇ ಇರುತ್ತಾರೆ. ಬೇಕಾದದ್ದು ಸಿಸ್ಟರ್‌ಗಳಿಗೆ, ಟೆಕ್ನಿಷಿಯನ್‌ಗಳಿಗೆ ಕೆಲವು ದಿನಗಳ ತರಬೇತಿ. ಮಂಡ್ಯದವರಿಗೆ ಮಂಡ್ಯದ, ಕಲಬುರಗಿಯವರಿಗೆ ಕಲಬುರಗಿಯ ಕನ್ನಡದಲ್ಲಿ ಹತ್ತು ನಿಮಿಷದ ಧ್ವನಿಮುದ್ರಣ. ಮತ್ತು ಇದೂ ಚಿಕಿತ್ಸೆಯ ಭಾಗವೇ ಎಂಬ ಒಪ್ಪಿಗೆ. ಯೋಗದ ಸಂಸ್ಥೆಗಳು, ಮಾನಸಿಕ ಆರೋಗ್ಯದ ಸಂಸ್ಥೆಗಳು, ಆರೋಗ್ಯ ಇಲಾಖೆ ಮೂರೂ ಇರುವ ಈ ರಾಜ್ಯಕ್ಕೆ ಇದು ಭಾರವಾಗುವ ಕೆಲಸವಲ್ಲ. ಒಬ್ಬ ಸಿಸ್ಟರ್ ಏಕಕಾಲಕ್ಕೆ ಹಲವು ಹಾಸಿಗೆ ನೋಡಿಕೊಳ್ಳುವ ಕಡೆ ಈ ಕೆಲಸವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ ಎಂಬ ಮಾತೂ ನಿಜ. ಅದಕ್ಕೆ ಉತ್ತರ ಸಿಬ್ಬಂದಿ ಹೆಚ್ಚಿಸುವುದು, ರೋಗಿಯನ್ನು ಅವರ ಪಾಡಿಗೆ ಬಿಡುವುದಲ್ಲ.

ಪ್ರತಿ ಸರದಿಯಲ್ಲೂ ಹಾಸಿಗೆಯ ಪಕ್ಕ ಒಂದು ಚೀಟಿ ತುಂಬುತ್ತಾರೆ. ಬಂದಾಗಿನ ತೂಕ, ಹೋಗುವಾಗಿನ ತೂಕ, ಬಿ.ಪಿ., ನಾಡಿ, ತೆಗೆದ ನೀರು ಎಲ್ಲಕ್ಕೂ ಅಲ್ಲಿ ಕಾಲಂ ಇದೆ. ನಿನ್ನೆ ರಾತ್ರಿ ನಿದ್ದೆ ಬಂತೇ, ಮನಸ್ಸು ಹೇಗಿದೆ, ಸುಸ್ತು ಎಷ್ಟಿದೆ ಎಂದು ಕೇಳುವ ಕಾಲಂ ಕೂಡ ಆ ಚೀಟಿಯಲ್ಲಿ ಬರಬೇಕು. ಕೇಳಿದರೆ ರೋಗಿ ಹೇಳುತ್ತಾರೆ, ಬರೆದರೆ ವೈದ್ಯರು ನೋಡುತ್ತಾರೆ, ನೋಡಿದರೆ ಅದಕ್ಕೊಂದು ಉಪಚಾರ ಕೊಡಲೇಬೇಕಾಗುತ್ತದೆ. ಇಲಾಖೆ ಆ ಕಾಲಂ ಸೇರಿಸುವವರೆಗೆ ರೋಗಿಗಳು, ಮನೆಯವರು ಕಾಯಬೇಕಾಗಿಲ್ಲ. ಮುಂದಿನ ಸರದಿಗೆ ಹೋದಾಗ ಬಿ.ಪಿ. ನೋಡುವ ಸಿಸ್ಟರ್‌ಗೆ ತಾವೇ ಕೇಳಬಹುದು: ಉಸಿರಾಟದ ಅಭ್ಯಾಸ ಶುರು ಮಾಡಬೇಕು ಅಂತಿದ್ದೇನೆ, ಡಾಕ್ಟರನ್ನು ಒಂದು ಮಾತು ಕೇಳಿ ಹೇಳುತ್ತೀರಾ?